ಸಾಲಿನಲ್ಲಿಟ್ಟ ಬಿಂದಿಗೆ

ನೆರವಿನ ಕೆಲಸ ಮಾಡುವವರನ್ನು ಲೋಕ ಅವರು ಕಟ್ಟಿಸಿದ್ದರಿಂದ ಗುರುತಿಸುತ್ತದೆ. ಇಂಥವರು ಶಾಲೆ ಕಟ್ಟಿಸಿದರು, ಇಂಥವರು ಸೇತುವೆ ಹಾಕಿಸಿದರು ಎನ್ನುತ್ತದೆ. ಡಾ. ಲತಾ ಮುನಿವೆಂಕಟಪ್ಪನವರ ಸಾಧನೆಯ ದೊಡ್ಡ ಭಾಗವೋ, ನಡೆಯದೇ ಹೋದ ಒಂದು ಘೋರ ದುರಂತದಲ್ಲಿದೆ. ಒಂದು ಊರು ಸುಟ್ಟುಹೋಗಲಿಲ್ಲ, ಅಷ್ಟೆ. ಅಂಥದ್ದಕ್ಕೆ ಕಲ್ಲು ನೆಡುವ ರೂಢಿ ನಮ್ಮಲ್ಲಿಲ್ಲವಾದ್ದರಿಂದ, ವಿಜಯನಗರದ ನಮ್ಮ ಸಹಬಾಳ್ವೆ ಕೇಂದ್ರದಿಂದ ಅವರು ನಿವೃತ್ತರಾಗುತ್ತಿರುವ ಈ ಹೊತ್ತಿನಲ್ಲಿ ಈ ಅಭಿನಂದನ ಸಂಪುಟವನ್ನಾದರೂ ಅವರ ಕೈಗಿಡೋಣ ಎಂದುಕೊಂಡೆವು. ಅಭಿವೃದ್ಧಿಯ ನೆರವು ಹೊಟ್ಟೆಬಟ್ಟೆಗೆ ಒದಗಿದರೆ ಸಾಲದು, ನೆರೆಯವರ ಭಯವಿಲ್ಲದೆ ಮಲಗಿ ಏಳುವುದಕ್ಕೂ ಒದಗಬೇಕು, ಸಾಮೂಹಿಕ ಹತ್ಯೆಯನ್ನು ಸೈನ್ಯ ಬರುವುದಕ್ಕೆ ಬಹಳ ಮೊದಲೇ ತಡೆಯಬೇಕು ಎಂಬ ವಿಚಾರದಲ್ಲಿ ಅವರಷ್ಟು ದುಡಿದವರು ನಮ್ಮ ನಡುವೆ ವಿರಳ.

ಮೂಡಲಪಾಳ್ಯ ಇನ್ನೂ ಅರ್ಧ ಹಳ್ಳಿಯಾಗಿದ್ದಾಗ ಅಲ್ಲಿ ಹುಟ್ಟಿದವರು ಲತಾ ಅವರು. ಆಗ ಬೀದಿಗೊಂದು ನಲ್ಲಿ. ಹೆಂಗಸರು ಬೆಳಗಾಗುತ್ತಲೇ ಬಿಂದಿಗೆಗಳನ್ನು ಸಾಲಾಗಿ ಇಟ್ಟು ಮನೆಗೆಲಸಕ್ಕೆ ಹೋಗಿಬಿಡುತ್ತಿದ್ದರು. ಬಿಂದಿಗೆ ನಿಂತರೆ ಮನುಷ್ಯರು ನಿಂತಂತೆಯೇ ಲೆಕ್ಕ. ಅಲ್ಲಿದ್ದವರು ಇಲ್ಲದವರ ಬಿಂದಿಗೆಯನ್ನು ಮುಂದಕ್ಕೆ ಸರಿಸಬೇಕು, ಅದು ನಿನ್ನೆ ಜಡೆ ಹಿಡಿದು ಜಗಳವಾಡಿದವಳದ್ದಾದರೂ ಸರಿ. ಯಾರದಾದರೂ ಬಿಂದಿಗೆ ಒಂದು ದಿನ ಕಾಣದಿದ್ದರೆ, ಮೈಗೆ ಹುಷಾರಿಲ್ಲವೇನೋ ಎಂದು ಮತ್ತೊಬ್ಬಳು ಬಾಗಿಲು ತಟ್ಟುತ್ತಿದ್ದಳು. ತಾಯಿ ಬೋರಮ್ಮನವರ ಹಿತ್ತಾಳೆ ಬಿಂದಿಗೆಯ ಕತ್ತಿಗೆ ಗುರುತಿಗೆಂದು ಹಸಿರು ಸೀರೆಯ ಅಂಚು ಕಟ್ಟಿರುತ್ತಿತ್ತು. ಮಂಜಿನಲ್ಲಿ ಆ ಹಸಿರು ತಾನಾಗಿಯೇ ತೇಲಿ ಮುಂದೆ ಹೋಗುತ್ತಿದೆಯೆಂದು ಪುಟ್ಟ ಲತಾ ಬಹಳ ಕಾಲ ನಂಬಿದ್ದರಂತೆ.

ಓದು ಮುಗಿಸಿ ನಮ್ಮ ಕೇಂದ್ರ ಸೇರಿದ ಮೇಲೆ ಅವರು ಅನೇಕ ದೇಶಗಳಲ್ಲಿ ನೀರಿನ ಯೋಜನೆಗಳನ್ನು ನಡೆಸಿದರು. ಎಲ್ಲಿಗೆ ಹೋದರೂ ಚೀಲದಲ್ಲಿ ಹುರಿಗಾಳು. ಊರಿನ ನೆನಪಾಗಿ ಸಪ್ಪೆಮೋರೆ ಹಾಕಿಕೊಂಡ ಕಿರಿಯರ ಕೈಗೆ ಒಂದು ಹಿಡಿ ಸುರಿದು, ಅಳು ನಿಲ್ಲುವವರೆಗೆ ಪಕ್ಕದಲ್ಲಿ ಸುಮ್ಮನೆ ಕೂರುತ್ತಿದ್ದರು. ಹಾಗೆ ತಿಂದವರಲ್ಲಿ ನಮ್ಮ ಎಂಜಿನಿಯರ್ ಕಾಂತರಾಜು ಮೊದಲಿಗರು.

ಅವರಿಬ್ಬರೂ ಪೂರ್ವ ಆಫ್ರಿಕದ ಬೆಟ್ಟನಾಡೊಂದಕ್ಕೆ ಹೋದಾಗ ಅಲ್ಲಿ ದಿಣ್ಣೆಯ ಮೇಲೆ ಬೇಸಾಯಗಾರರೂ ಕೆಳಗೆ ಹೊಳೆದಂಡೆಯಲ್ಲಿ ದನಗಾಹಿಗಳೂ ಇದ್ದರು. ಇಬ್ಬರಿಗೂ ನೀರಿಗೆ ಒಂದೇ ಚಿಲುಮೆ, ದಿನಾ ರಗಳೆ. ಲತಾ ಅವರು ದಿಣ್ಣೆಗೊಂದು, ದಂಡೆಗೊಂದು ನಲ್ಲಿ ಹಾಕಿಸಿದರು. ಜಗಳ ನಿಂತುಹೋಯಿತು. ಶಾಂತಿ ನೆಲೆಸಿತೆಂದು ಎಲ್ಲರೂ ಹೊಗಳಿದರು, ಅವರೂ ಹಿಗ್ಗಿದರು. ನೆರವಿನವರು ಮಾತ್ರ ಮಾಡಬಲ್ಲ ತಪ್ಪು ಅದು: ರಗಳೆಯ ಜೊತೆಗೆ ಒಡನಾಟವನ್ನೂ ಕೊನೆಗಾಣಿಸಿ ಅದಕ್ಕೆ ಯಶಸ್ಸೆಂದು ಹೆಸರಿಟ್ಟರು.

ಮರುವರ್ಷ ಚುನಾವಣೆ ಬಂತು. ದನಗಾಹಿಗಳನ್ನು ಹುಳುಗಳೆಂದು ಕರೆಯುವ ದನಿ ರೇಡಿಯೋದಲ್ಲಿ ಕೇಳತೊಡಗಿತು. ಅದೇ ವಾರ ದಿಣ್ಣೆಯ ಪೈಪು ಒಡೆದು ಕೊಳಕು ಸೇರಿ ಮಕ್ಕಳು ಕಾಯಿಲೆ ಬಿದ್ದರು. ದಂಡೆಯವರು ವಿಷ ಹಾಕಿದರೆಂಬ ಸುದ್ದಿ ಹಬ್ಬಿತು. ದಿಣ್ಣೆಯ ಹುಡುಗರು ಮಚ್ಚು ಮಸೆಯತೊಡಗಿದರು. ನಮ್ಮ ಸಿಬ್ಬಂದಿ ಕೂಡಲೇ ಹೊರಟುಬರಬೇಕೆಂದು ಆದೇಶ ಹೋಯಿತು. ಆ ಮಧ್ಯಾಹ್ನ ಜೀಪಿಗೆ ಕಾಯುತ್ತಾ ಲತಾ ಅವರಿಗೆ ಕುರ್ಚಿಯಲ್ಲೇ ಜೊಂಪು ಹತ್ತಿತು. ಆ ಪರದೇಶದ ಇಳಿಜಾರಿನಲ್ಲಿ ಮೂಡಲಪಾಳ್ಯದ ಬಿಂದಿಗೆಗಳು ಸಾಲಾಗಿ ನಿಂತಿದ್ದವು, ಮಂಜಿನಲ್ಲಿ ಹಸಿರು ಅಂಚು ಕಾಣುತ್ತಿತ್ತು, ಸುತ್ತ ಎಷ್ಟೊಂದು ಹೆಂಗಸರಿದ್ದರೂ ಅದನ್ನು ಯಾರೂ ಮುಟ್ಟಲೊಲ್ಲರು. ಎಚ್ಚರವಾದಾಗ ಕಾಂತರಾಜು ಎದುರಿಗೆ ನಿಂತಿದ್ದರು.

"ಮೇಡಂ, ಜೀಪ್ ರೆಡಿ ಇದೆ. ಹೊರಡೋಣ ಬನ್ನಿ, ಇದು ನಮ್ ಜಗಳ ಅಲ್ಲ."

"ನಂದೇ ಕಣ್ರಿ. ಎಲ್ರೂ ಒಂದೇ ನೀರು ಕುಡೀತಾ ಇದ್ದಿದ್ರೆ ವಿಷ ಅಂದ್ರೆ ಯಾರ್ ನಂಬ್ತಿದ್ರು? ನೀವು ಹೋಗಿ ಮೇಲಿನ ನಲ್ಲಿ ಬಂದ್ ಮಾಡಿ. ಆಮೇಲೆ ಬೇಕಾದ್ರೆ ಹೊರಡಿ, ನಾನ್ ಬರಲ್ಲ."

ಎರಡೂ ಕಡೆ ಹೆರಿಗೆ ಮಾಡಿಸುತ್ತಿದ್ದ ಸೂಲಗಿತ್ತಿ ನೇಮಾ ಅವರನ್ನು ಕರೆದುಕೊಂಡು ಲತಾ ಅವರು ಮೊದಲು ದಂಡೆಯವರ ಮನೆಗಳಿಗೆ ಹೋದರು. ದಿಣ್ಣೆಯವರು ನಿಮ್ಮ ನೀರು ಕುಡಿದರೆ ತಾನೇ ವಿಷದ ಮಾತು ಸಾಯುವುದು ಎಂದು ಕೇಳಿಕೊಂಡರು. ಆಮೇಲೆ, ನಲ್ಲಿ ಬಂದಾಗಿದ್ದ ದಿಣ್ಣೆ ಹತ್ತಿ, ಬಾಯಾರಿದ ಮಕ್ಕಳ ತಾಯಂದಿರನ್ನು ಕರೆತಂದರು. ದಂಡೆಯ ನಲ್ಲಿಯ ಸಾಲಿನ ಮೊದಲಿಗೆ ತಮ್ಮದೇ ಕ್ಯಾನು ಇಟ್ಟು, ತುಂಬಿಸಿ, ಎಲ್ಲರೆದುರು ಕುಡಿದರು. ಹಿಂದಿದ್ದದ್ದು ದಿಣ್ಣೆಯವಳೊಬ್ಬಳ ಕ್ಯಾನು. ಅವಳು ಮಗುವನ್ನೆತ್ತಿಕೊಂಡು ದೂರದಲ್ಲೇ ನಿಂತಿದ್ದಳು. ಹತ್ತಿರದಲ್ಲಿ ದಂಡೆಯ ಹೆಂಗಸೊಬ್ಬಳಿದ್ದಳು. ಅವಳು ಬಗ್ಗಲಿಲ್ಲ. ಮುಖ ಸಿಂಡರಿಸಿಕೊಂಡೇ ಆ ಕ್ಯಾನನ್ನು ಕಾಲಿನಿಂದ ಮುಂದಕ್ಕೆ ತಳ್ಳಿದಳು. ಸರಿಸಿದ್ದು ಸರಿಸಿದ್ದೇ ಎಂದು ಲತಾ ಅವರು ಈಗಲೂ ನಗುತ್ತಾರೆ.

ಇಳಿಹೊತ್ತಿಗೆ ಮಚ್ಚು ಹಿಡಿದ ಹುಡುಗರು ಇಳಿದುಬಂದರು. ನೋಡಿದರೆ ಸಾಲಿನಲ್ಲಿ ಅವರ ತಾಯಂದಿರು, ಹಿಂದೊಬ್ಬಳು, ಮುಂದೊಬ್ಬಳು ದಂಡೆಯ ಹೆಂಗಸು. ಕಾಲು ಕಿತ್ತಿಡಲಾರದೆ ನಿಂತರು. "ಬಂದಿದ್ದೇ ಬಂದೆ, ಈ ಕ್ಯಾನು ಹೊತ್ಕೊಂಡು ನಡಿ," ಎಂಬರ್ಥದಲ್ಲಿ ಒಬ್ಬ ತಾಯಿ ತನ್ನ ಮಗನನ್ನು ಗದರಿದಳಂತೆ. ಕ್ಯಾನು ಹೊರಲು ಅವನು ಮಚ್ಚನ್ನು ಕೆಳಗಿಡಬೇಕಾಯಿತು.

ಇಲ್ಲಿಗೇ ನಿಲ್ಲಿಸಿದರೆ ಈ ಲೇಖನ ಸುಳ್ಳಾಗುತ್ತದೆ. ಲತಾ ಅವರೂ ಕ್ಷಮಿಸುವುದಿಲ್ಲ. ಪಕ್ಕದ ಕಣಿವೆಯಲ್ಲಿಯೂ ಅವರ ಯೋಜನೆಯಂತೆಯೇ ಎರಡು ನಲ್ಲಿಗಳಿದ್ದವು. ಅಲ್ಲಿಗೆ ಯಾರೂ ಸಮಯಕ್ಕೆ ತಲುಪಲಿಲ್ಲ. ದಂಡೆಯ ಮನೆಗಳು ಒಳಗಿನ ಜನರ ಸಮೇತ ಉರಿದುಹೋದವು. ಪೈಪು ಹಾಕಿದ ಕಾಂತರಾಜು ಅವರ ಮೇಲೆ ತಪ್ಪು ಹೊರಿಸಲು ಕೆಲವರು ಹೊರಟಾಗ ಲತಾ ಅವರು ತುಂಬಿದ ಸಭೆಯಲ್ಲಿ ಎದ್ದು ನಿಂತರು: "ಪೈಪ್ ಹಾಕ್ದೋರು ಅವ್ರು. ಎಲ್ಲಿ ಹಾಕ್ಬೇಕು ಅಂದೋಳು ನಾನು." ಆ ದುಃಖ ಅವರನ್ನು ಬಿಟ್ಟಿಲ್ಲ. ಬಿಡಲೆಂದು ನಾವು ಹಾರೈಸಿದರೆ ಅವರಿಗೆ ಇಷ್ಟವಾಗದು.

ಅಂದಿನಿಂದ ಶಾಲೆಯಾಗಲಿ, ಆಸ್ಪತ್ರೆಯಾಗಲಿ, ಸಂತೆಕಟ್ಟೆಯಾಗಲಿ, ಯಾವ ಯೋಜನೆ ಬಂದರೂ ಅವರ ಮೊದಲ ಪ್ರಶ್ನೆ ಒಂದೇ ಆಯಿತು: ಇಲ್ಲಿ ಯಾರು ಯಾರನ್ನು ದಿನಾ ನೋಡುತ್ತಾರೆ? ಎರಡೂ ಕಡೆಯವರು ತುಳಿಯುವ ಜಾಗದಲ್ಲೇ ಕಟ್ಟಡ, ಇಬ್ಬರೂ ಕೂತು ನಡೆಸುವ ಸಮಿತಿ. ಇಲ್ಲವಾದರೆ ಅವರ ಸಹಿ ಇಲ್ಲ. ಈ ಹಟಕ್ಕೆ ನಾವು ಬೈದುಕೊಂಡದ್ದೂ ಉಂಟು.

ಈಗ ಅವರ ವಾಸ ಮಲ್ಲತ್ತಹಳ್ಳಿಯಲ್ಲಿ. ಕೆರೆಯ ಬಳಿಯ ಕುಡಿಯುವ ನೀರಿನ ಘಟಕಕ್ಕೆ ಬಡಾವಣೆಯವರೂ ಬರುತ್ತಾರೆ, ಶೆಡ್ಡುಗಳಲ್ಲಿರುವ ದೂರದೂರಿನ ಕಟ್ಟಡ ಕಾರ್ಮಿಕರೂ ಬರುತ್ತಾರೆ. ಈಚೆಗೆ ಬಡಾವಣೆಯ ಸಂಘದ ಪದಾಧಿಕಾರಿಯೊಬ್ಬರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು: "ಶೆಡ್‌ನೋರಿಗೆ ಬೇರೆ ಘಟಕ ಹಾಕ್ಸಿಬಿಡೋಣ ಮೇಡಂ. ಅವ್ರಿಗೂ ಅನುಕೂಲ, ನಮಗೂ ನೆಮ್ಮದಿ."

ಲತಾ ಅವರ ಮುಖ ಬಿಳಿಚಿಕೊಂಡಿತು. ಮಾರನೆಯ ಮುಂಜಾನೆ ಬೋರಮ್ಮನವರ ಹಿತ್ತಾಳೆ ಬಿಂದಿಗೆಯನ್ನು, ಕತ್ತಿಗೆ ಹಸಿರು ಅಂಚು ಕಟ್ಟಿ, ಘಟಕದ ಸಾಲಿನಲ್ಲಿಟ್ಟು ಕೆರೆ ಸುತ್ತಲು ಹೊರಟರು. ನೀರಿನ ಮೇಲೆ ಮಂಜು ಇತ್ತು. ಆಚೆ ದಡದಿಂದ ನೋಡಿದಾಗ ಹಸಿರು ಚೂರೊಂದು ಮೆಲ್ಲಗೆ ಮುಂದೆ ಹೋಗುತ್ತಿತ್ತು. ಸರಿಸಿದ ಕೈ ಬಡಾವಣೆಯವರದೋ ಶೆಡ್ಡಿನವರದೋ ಎಂದು ಅಷ್ಟು ದೂರಕ್ಕೆ ತಿಳಿಯಲಿಲ್ಲ. ಅವರು ಅಲ್ಲೇ ನಿಂತು ಅತ್ತರು.

ಲತಾ ಅವರು ಆರೋಗ್ಯದಿಂದ ನೂರ್ಕಾಲ ಬಾಳಲಿ, ಅವರ ಹಟವೂ ಅವರೊಡನೆ ಬಾಳಲಿ. ದಿನಾ ಮುಂಜಾನೆ ಅವರು ಬಿಂದಿಗೆ ಇಟ್ಟು ಹೋಗುತ್ತಾರೆ. ಸಾಲಿನಲ್ಲಿ ಹಿಂದೆ ನಿಂತಿರುವವರು ನಾವು.