ಎಡಬದಿಯ ಕಲ್ಲು

ಅಣ್ಣ, ಆ ದಿನ ಕಾರಿನ ಎಡಬದಿಗೆ ಕಲ್ಲು ಇಟ್ಟವಳು ನಾನು. ಸ್ಟ್ಯಾಂಡ್ ಬೇಡ ಎಂದು ನೀನು ಹೇಳಿರಲೇ ಇಲ್ಲ. ಅವಸರವನ್ನೂ ಮಾಡಿರಲಿಲ್ಲ. ನಿನ್ನ ಬಲಗೈ ಹೋದದ್ದು ನಿನ್ನ ತಪ್ಪಿನಿಂದಲ್ಲ — ಇಷ್ಟು ಮಾತನ್ನು ನುಂಗಿಕೊಂಡು ಇಷ್ಟು ವರ್ಷ ನಿನ್ನ ಮನೆಯಲ್ಲೇ ಉಂಡಿದ್ದೇನೆ, ನಿನ್ನೆದುರೇ ಕೂತು ನಕ್ಕಿದ್ದೇನೆ.

ಎಲ್ಲಿಂದ ಶುರು ಮಾಡಲಿ — ಆ ಕಾರಿನಿಂದಲೇ ಮಾಡುತ್ತೇನೆ. ಮುರ್ಡೇಶ್ವರ ಸ್ಟೇಷನ್ನಿನಿಂದ ದೇವಸ್ಥಾನಕ್ಕೆ ಯಾತ್ರಿಕರನ್ನು ಬಿಡುವ ಟ್ಯಾಕ್ಸಿ ನಿನ್ನದು. ಮನಸ್ಸೆಲ್ಲ ಮಾತ್ರ ಇಬ್ಬರೇ ಕೂರುವ ಸ್ಪೋರ್ಟ್ಸ್ ಕಾರಿನ ಮೇಲೆ. ದುಬೈ ಬಿಟ್ಟು ಬಂದ ಭಟ್ಕಳದ ನಿನ್ನ ಸ್ನೇಹಿತ ಶೆಡ್ಡಿನಲ್ಲಿ ಧೂಳು ತಿನ್ನುತ್ತಿದ್ದ ತನ್ನ ಹಳೆಯ ಕೆಂಪು ಗಾಡಿಯನ್ನು ನಿನಗೆ ದಾಟಿಸಿದಾಗ ಅತ್ತಿಗೆ ಅದಕ್ಕೆ ಊಟಕ್ಕಿಲ್ಲದ ಉಪ್ಪಿನಕಾಯಿ ಎಂದು ಹೆಸರಿಟ್ಟಳು. ನಮ್ಮ ಕೇರಿಯ ಎಮ್ಮೆ ಕೂಡ ಅದನ್ನು ಬಗ್ಗಿ ನೋಡಬೇಕು, ಅಷ್ಟು ತಗ್ಗು. ಆದರೂ ಭಾನುವಾರ ಬಂತೆಂದರೆ ನೀನು ಅದರ ಅಡಿಗೆ, ನಾನು ಅದರ ಪಕ್ಕಕ್ಕೆ. ಆಗ ನನಗಿನ್ನೂ ಮದುವೆಯಾಗಿರಲಿಲ್ಲ. ಬೋಲ್ಟು ತಿರುಗಿಸುವ ಪಾನಾ ಎತ್ತಿಕೊಡುವುದರಲ್ಲಿ ನನಗೇ ಒಂದು ಜಂಬವಿತ್ತು.

ನೀನು ಕಲಿಸಿದ ಕ್ರಮ ನನಗೆ ಈಗಲೂ ಬಾಯಿಪಾಠ. ಅಷ್ಟು ತಗ್ಗಿನ ಕಾರಿನ ಅಡಿಗೆ ಜಾಕೇ ಹೋಗುವುದಿಲ್ಲ, ಹಾಗಾಗಿ ಮೊದಲು ಮುಂದಿನ ಗಾಲಿಗಳನ್ನು ಹಲಗೆಯ ಮೇಲೆ ಹತ್ತಿಸಬೇಕು. ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿಟ್ಟು, ಹಿಂದಿನ ಗಾಲಿಗಳಿಗೆ ಕೆಂಪು ಚಿರೆಕಲ್ಲು ಅಡ್ಡ ಕೊಡಬೇಕು. ಆಮೇಲೆ ಮುಂಭಾಗವನ್ನು ಎತ್ತಿ, ಎರಡೂ ಬದಿಗೆ ಕಬ್ಬಿಣದ ಸ್ಟ್ಯಾಂಡ್ ಇಟ್ಟು, ಜಾಕನ್ನು ಇಳಿಸಿ ಭಾರವನ್ನು ಅವುಗಳ ಮೇಲೆ ಬಿಡಬೇಕು. ಕಡೆಗೆ ಕಾರನ್ನು ಕೈಯಿಂದ ದೂಡಿ ನೋಡಬೇಕು. ಅಲ್ಲಿಯವರೆಗೆ ನೀನು ಬೆರಳನ್ನೂ ಅಡಿಗೆ ಹಾಕುತ್ತಿರಲಿಲ್ಲ. ಬಲಬದಿಯ ಸ್ಟ್ಯಾಂಡ್ ನಿನ್ನದು, ಎಡಬದಿಯದು ನನ್ನದು.

"ಕಲ್ಲು ಗಾಲಿ ತಡೆಯೂಕೆ ಮಾತ್ರ, ಗೀತಾ. ಭಾರ ಹೊರೂಕಲ್ಲ," ಎನ್ನುತ್ತಿದ್ದೆ ನೀನು.

ನಾನು ಒಳಗೊಳಗೇ ನಗುತ್ತಿದ್ದೆ. ನಮ್ಮ ಕಡೆ ಚಿರೆಕಲ್ಲು ಏನನ್ನು ಹೊರುವುದಿಲ್ಲ? ಮನೆ ಅದರ ಮೇಲೆ, ಬಾವಿಯ ಕಟ್ಟೆ ಅದರದ್ದೇ. ಕಾಸರಕೋಡಿನಲ್ಲಿ ದಡಕ್ಕೆಳೆದ ದೋಣಿಗೂ ಅದನ್ನೇ ಕೊಟ್ಟು ನಿಲ್ಲಿಸುವುದನ್ನು ಕಂಡವಳು ನಾನು. ಮನೆ ಹೊತ್ತ ಕಲ್ಲು ಈ ತಗಡಿನ ಆಟಿಕೆಯನ್ನು ಹೊರಲಾರದೇ — ಹಾಗೆಂದುಕೊಂಡಿದ್ದೆ. ಗೋಡೆಯೊಳಗಿನ ಕಲ್ಲಿಗೆ ಸುತ್ತಲೂ ಬೇರೆ ಕಲ್ಲುಗಳ ಒತ್ತಾಸೆ ಇರುತ್ತದೆ, ಒಂಟಿ ಕಲ್ಲಿನ ಅಂಚಿಗೆ ಕಬ್ಬಿಣ ಒತ್ತಿದರೆ ಅದು ಪುಡಿಯಾಗುತ್ತದೆ ಎಂಬುದನ್ನು ನಾನು ಯೋಚಿಸಲಿಲ್ಲ.

ಆ ಭಾನುವಾರ ಒಂದು ಸ್ಟ್ಯಾಂಡ್ ಹಿತ್ತಲಲ್ಲಿತ್ತು. ಅತ್ತಿಗೆ ಹಪ್ಪಳ ಒಣಗಿಸುವ ಮಂಚದ ಕಾಲು ಮುರಿದಿತ್ತೆಂದು ಹಿಂದಿನ ದಿನ ನಾನೇ ಯಾರಿಗೂ ಹೇಳದೆ ಅದನ್ನು ಒಯ್ದು ಮಂಚದ ಮೂಲೆಗೆ ಕೊಟ್ಟಿದ್ದೆ. ತೆಗೆಯಬೇಕೆಂದರೆ ಹಲಸಿನ ಹಪ್ಪಳವನ್ನೆಲ್ಲ ಒಂದೊಂದಾಗಿ ಎತ್ತಿ ಚಾಪೆಗೆ ಹಾಕಬೇಕು. ಬಿಸಿಲು ಏರಿತ್ತು. ನನಗೆ ಬೇಸರ ಬಂತು, ಅಣ್ಣ — ಅಷ್ಟೇ. ಬಚ್ಚಲ ಹೊರಗೆ ಬಿದ್ದಿದ್ದ, ನೀರು ಕುಡಿದು ಮೆತ್ತಗಾಗಿದ್ದ ಒಂದು ಕಲ್ಲನ್ನು ತಂದು ಎಡಬದಿಗೆ ನಿಲ್ಲಿಸಿದೆ.

ನೀನು ಬಲಬದಿಯಿಂದ ಕೇಳಿದೆ, "ಎಡಬದಿ ಆತೇನೆ?"

"ಆತು," ಎಂದೆ.

ನೀನು ಜಾಕ್ ಇಳಿಸಿದೆ. ದೂಡಿ ನೋಡಿದೆ. ಕಲ್ಲು ಆ ಗಳಿಗೆ ತಡೆದುಕೊಂಡಿತು — ಅಲ್ಲೇ ಪುಡಿಯಾಗಿದ್ದರೆ ನೀನು ನನಗೆ ನಾಲ್ಕು ಬೈದು ಸುಮ್ಮನಾಗುತ್ತಿದ್ದೆ. ನೀನು ಮಲಗಿ, ಎಣ್ಣೆ ಇಳಿಸುವ ಬೋಲ್ಟಿಗೆ ಕೈ ಚಾಚಿ, ಪಾನಾ ಜಗ್ಗಿದೆ. ಕಲ್ಲು ಕುಸಿಯಿತು. ಆಮೇಲಿನದನ್ನು ನಾನು ಬರೆಯಲಾರೆ.

ಕೇರಿಯವರು ಬಂದು ಕಾರನ್ನೆತ್ತಿದರು. ಪ್ರಜ್ಞೆ ತಪ್ಪಿದ್ದ ನಿನ್ನನ್ನು ಅತ್ತಿಗೆಯೂ ಅವರೂ ಹೊನ್ನಾವರಕ್ಕೆ ಒಯ್ದರು. ಅಂಗಳದಲ್ಲಿ ಉಳಿದವಳು ನಾನೊಬ್ಬಳು. ಕಲ್ಲಿನ ಕೆಂಪು ಪುಡಿಯನ್ನು ಗುಡಿಸಿ ತೆಂಗಿನ ಬುಡಕ್ಕೆ ಹಾಕಿದೆ. ಹಿತ್ತಲಿಗೆ ಹೋಗಿ ಹಪ್ಪಳಗಳನ್ನು ಒಂದೊಂದಾಗಿ ಚಾಪೆಗೆ ಹಾಕಿ, ಸ್ಟ್ಯಾಂಡ್ ತೆಗೆದು, ಕಾರಿನಡಿ ಯಾರ ಕಣ್ಣಿಗೂ ಬೀಳದೆ ಮಗುಚಿದ್ದ ಬಲಬದಿಯದನ್ನೂ ಎಳೆದು, ಎರಡನ್ನೂ ಶೆಡ್ಡಿನೊಳಗೆ ಅವುಗಳ ಜಾಗದಲ್ಲಿಟ್ಟೆ. ಆಗ ನನಗೆ ಬೇಸರ ಬರಲಿಲ್ಲ. ಒಂದು ಹಪ್ಪಳವೂ ಮುರಿಯಲಿಲ್ಲ.

ತಲೆಗೂ ಪೆಟ್ಟಾಗಿದ್ದ ನಿನಗೆ ಆ ಬೆಳಗಿನ ನೆನಪೇ ಉಳಿದಿರಲಿಲ್ಲ. ಆಸ್ಪತ್ರೆಯ ಜಗಲಿಯಲ್ಲಿ ಅತ್ತಿಗೆ ನನ್ನನ್ನು ಕೇಳಿದಳು, "ಸ್ಟ್ಯಾಂಡ್ ಎಂತಕ್ಕೆ ಇಟ್ಟಿಲ್ಲ?" ನಾನು ಹೇಳಿದೆ, "ಅಣ್ಣನೇ ಬ್ಯಾಡ ಅಂದ. ಐದು ನಿಮಿಷದ ಕೆಲಸ, ಜಾಕ್ ಸಾಕು ಅಂದ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನನ್ನ ಮಾತು ಹೋಗಲಿಲ್ಲ; ನಿನ್ನ ಮನೆಯಲ್ಲೇ ಉಳಿಯಿತು. ಅತ್ತಿಗೆ ಸಿಟ್ಟು ಬಂದಾಗಲೆಲ್ಲ ಅದನ್ನೇ ಎತ್ತಿದಳು. ಬಲಗೈಯ ಬೆರಳು ಮಡಚಲಾಗದೆ ನೀನು ಟ್ಯಾಕ್ಸಿ ಬಿಟ್ಟೆ, ಕಾರು ಮಾರಿದೆ, ಸ್ಟೇಷನ್ನಿನ ಹುಡುಗರಿಗೆ "ನನ್ನಂಗೆ ಅವಸರ ಮಾಡ್ಬೇಡಿ" ಎಂದು ಬುದ್ಧಿ ಹೇಳುವವನಾದೆ. ನೀನು ಎಂದೂ ಅವಸರ ಮಾಡಿದವನಲ್ಲ — ಅದು ಈ ಲೋಕದಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ. ಈಗ ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಮತ್ತೆ ಮತ್ತೆ ಎದ್ದು ಹೋಗಿ ನೋಡುತ್ತೀಯ. ಬಾಗಿಲ ಚಿಲಕ ನೀನೇ ಹಾಕಿ, ಹಾಕಿದೆನೇ ಎಂದು ಅತ್ತಿಗೆಯನ್ನು ಕೇಳುತ್ತೀಯ.

ನಿನ್ನ ಕೈ ಹೋದದ್ದನ್ನು ಹೇಗೋ ತಡೆದುಕೊಂಡಿದ್ದೆ. ಹೇಳುವ ಧೈರ್ಯ — ಧೈರ್ಯವೂ ಅಲ್ಲ, ಇನ್ನು ತಾಳಲಾಗದ ಸ್ಥಿತಿ — ಬಂದದ್ದು ನಿನ್ನ ಮಗಳ ಬಾಣಂತನಕ್ಕೆಂದು ಕುಮಟೆಯ ನನ್ನ ಮನೆಯಿಂದ ಬಂದಾಗ. ಅತ್ತಿಗೆ ಮೊಮ್ಮಗನನ್ನು ನಿನ್ನ ತೊಡೆಯ ಮೇಲೆ ಮಲಗಿಸಲು ಬಂದಳು. ನೀನು ಹಿಂದೆ ಸರಿದೆ.

"ಬ್ಯಾಡ. ನನ್ನ ಮೇಲೆ ನಂಗೇ ನಂಬ್ಕೆ ಇಲ್ಲ," ಎಂದೆ. ಆಮೇಲೆ ನನ್ನ ಕಡೆ ತಿರುಗಿ, "ಗೀತಾ, ನೀನೇ ಹಿಡ್ಕೊ. ನಿನ್ನ ಕೈಲಾದ್ರೆ ಹೆದ್ರಿಕೆ ಇಲ್ಲ," ಎಂದೆ.

ನಾನು ಮಗುವನ್ನು ಹಿಡಿದುಕೊಂಡೆ. ಆಗಲೂ ಬಾಯಿ ಬಿಡಲಿಲ್ಲ, ಅಣ್ಣ.

ಈ ಕಾಗದ ಹಿಡಿದುಕೊಂಡೇ ನಾಳೆ ಬೆಳಗಿನ ರೈಲಿಗೆ ಕುಮಟೆಯಿಂದ ಬರುತ್ತೇನೆ. ಅತ್ತಿಗೆಯ ಎದುರಿಗೇ ಹೇಳುತ್ತೇನೆ. ನೀನು ಬಾಗಿಲು ಹಾಕಿಕೊಂಡರೆ ಅದು ಸರಿ. ಕ್ಷಮೆ ಕೇಳಲು ನಾನು ಬರುತ್ತಿಲ್ಲ. ಆ ದಿನ ನೀನು ಕೇಳಿದ್ದಕ್ಕೆ ಉತ್ತರ ಕೊಡುವುದಿದೆ.

ಇಲ್ಲ ಅಣ್ಣ, ಎಡಬದಿ ಆಗಿರಲಿಲ್ಲ.