ನೀಲಾವತಿ ಬಿಟ್ಟು ಬಂದ ವಾರ್ಡು

ಕಕ್ಕಿಂಜೆಯ ನೀಲಾವತಿಗೆ ನರ್ಸಿಂಗ್ ಮುಗಿಸಿ ಮಂಗಳೂರಿನಲ್ಲಿ ಮೂರು ವರ್ಷ ದುಡಿದ ಮೇಲೆ ಯೆಮನ್ ದೇಶದ ಸನಾ ಪಟ್ಟಣದ ಮಕ್ಕಳ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಅರಬ್ಬಿ ಭಾಷೆಯನ್ನು ಅವಳಿಗೆ ವಾರ್ಡಿನ ಮಕ್ಕಳೇ ಕಲಿಸಿದರು. ‘ನೀರು’, ‘ನೋವು’, ‘ಅಮ್ಮ ಎಲ್ಲಿ’. ಮೊದಲು ಬಂದ ಮಾತುಗಳು ಇವು.

೨೦೧೫ರ ಮಾರ್ಚಿನಲ್ಲಿ ಬಾಂಬು ಬೀಳತೊಡಗಿದಾಗ ಮೂರನೆಯ ಮಾತು ಕೇಳುವ ಮಕ್ಕಳೇ ಹೆಚ್ಚಾದರು. ಉತ್ತರ ಗೊತ್ತಿದ್ದೂ ನೀಲಾವತಿ “ಬರ್ತಾರೆ” ಎನ್ನುತ್ತಿದ್ದಳು.

ಊರಿಂದ ತಾಯಿ ಅಮ್ಮಣಿ ದಿನಾ ಫೋನು ಮಾಡುತ್ತಿದ್ದರು. “ಸರಕಾರದವರು ಎಲ್ಲರನ್ನೂ ಕರ್ಕೊಂಡು ಬರ್ತಾರಂತೆ. ಹೆಸರು ಕೊಡು ಮಗಾ. ನಿನ್ನ ಅಪ್ಪ ಟಿವಿ ಎದುರಿಂದ ಏಳುವುದೇ ಇಲ್ಲ.”

ಅವಳು ಹೆಸರು ಕೊಟ್ಟಳು. ವಿಮಾನ ನಿಲ್ದಾಣಕ್ಕೆ ಬಸ್ಸು ಹೊರಡುವ ದಿನ ಬೆಳಿಗ್ಗೆ ಆಸ್ಪತ್ರೆಯ ಜನರೇಟರಿನ ಡೀಸೆಲ್ ಮುಗಿಯಿತು. ದಿನ ತುಂಬುವ ಮೊದಲೇ ಹುಟ್ಟಿದ ಒಂದು ಗಂಡುಕೂಸು ಯಂತ್ರದ ಉಸಿರಿನ ಮೇಲೆ ಇತ್ತು. ತಾಯಿ ಹೆರಿಗೆಯಲ್ಲೇ ತೀರಿಹೋಗಿದ್ದಳು. ನೀಲಾವತಿ ಉಸಿರು ಕೊಡುವ ರಬ್ಬರ್ ಚೀಲವನ್ನು ಕೈಯಿಂದಲೇ ಒತ್ತುತ್ತ ನಿಂತಳು. ಮೂವತ್ತು ಮಕ್ಕಳಿಗೆ ಇದ್ದದ್ದು ನಾಲ್ಕೇ ನರ್ಸುಗಳು.

“ನೀನು ಹೋಗು,” ಎಂದಳು ಅಲ್ಲಿಯವಳೇ ಆದ ಸಹೋದ್ಯೋಗಿ ಹುದಾ. “ನಿನ್ನನ್ನು ಕರೆಯಲಿಕ್ಕೆ ಒಂದು ದೇಶ ಉಂಟು. ನಮ್ಮನ್ನು ಯಾರು ಕರೀತಾರೆ?”

ಮಗುವಿನ ಅಜ್ಜಿ ಗೋಡೆಗೆ ಒರಗಿ ಕೂತಿದ್ದರು. ನೀಲಾವತಿ ಅವರನ್ನು ಎಬ್ಬಿಸಿ ಚೀಲವನ್ನು ಕೈಗಿಟ್ಟಳು. ಮುದುಕಿ ಒಮ್ಮೆ ಬಿಗಿಯಾಗಿ ಒತ್ತಿದರು, ಮತ್ತೊಮ್ಮೆ ತೀರಾ ನಿಧಾನ.

“ಒಂದು ಸಲ ಒತ್ತಿ, ‘ಯಾ ರಬ್’ ಅನ್ನಿ, ಮತ್ತೆ ಒತ್ತಿ. ಅಷ್ಟೇ ಅಮ್ಮ,” ಎಂದಳು.

ದೇವರ ಹೆಸರು ಹೇಳುತ್ತ ಮುದುಕಿಗೆ ಲಯ ಸಿಕ್ಕಿತು. ಹೊರಗೆ ಬಸ್ಸಿನ ಹಾರ್ನು ಕೇಳಿತು. ನೀಲಾವತಿ ಮಗುವಿನ ಪಾದ ಮುಟ್ಟಿ ಹೊರಟಳು. ಅಜ್ಜಿ ತಲೆಯೆತ್ತಲಿಲ್ಲ, ಎತ್ತಿದರೆ ಲಯ ತಪ್ಪುತ್ತಿತ್ತು.

ಊರಿಗೆ ಬಂದು ಹನ್ನೊಂದನೆಯ ದಿನ ಹುದಾಳ ಸಂದೇಶ ಬಂತು. ಅಜ್ಜಿ, ಚಿಕ್ಕಮ್ಮಂದಿರು ಸರದಿಯಲ್ಲಿ ಎರಡು ದಿನ ಒತ್ತಿದರಂತೆ. ಡೀಸೆಲ್ ಬಂದದ್ದು ಮೂರನೆಯ ದಿನ. ಅಷ್ಟರಲ್ಲಿ ಮಗು ಹೋಗಿತ್ತು. ಉಸಿರು ನಿಂತ ಮೇಲೂ ಅಜ್ಜಿ ಒತ್ತುತ್ತಲೇ ಇದ್ದರು, ಹುದಾ ಕೈಹಿಡಿದು ಬಿಡಿಸಬೇಕಾಯಿತು.

ನೀಲಾವತಿ ಇದನ್ನು ಮನೆಯಲ್ಲಿ ಹೇಳಲಿಲ್ಲ. ಊರಿನ ಯುವಕ ಮಂಡಲದವರು ಅವಳಿಗೆ ಸನ್ಮಾನ ಇಟ್ಟರು. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ನಾಲ್ಕು ಮಾತಾಡಿ ಎಂದರು.

“ಮೂವತ್ತು ಮಕ್ಕಳನ್ನು ಬಿಟ್ಟು ಬಂದವಳಿಗೆ ಶಾಲು ಯಾಕೆ?” ಎಂದು ಕೇಳಿ ಅವಳು ಕೂತುಬಿಟ್ಟಳು. ವಿನಯದ ಮಾತು ಎಂದುಕೊಂಡು ಜನ ಚಪ್ಪಾಳೆ ತಟ್ಟಿದರು.

ಈಗ ಅವಳಿಗೆ ಗುರುವಾಯನಕೆರೆಯ ಒಂದು ಮಕ್ಕಳ ಕ್ಲಿನಿಕ್ಕಿನಲ್ಲಿ ಕೆಲಸ. ಹುದಾಳ ನಂಬರು ಸದ್ದಿಲ್ಲದೆ ಎಷ್ಟೋ ವರ್ಷವಾಯಿತು. ಟಿವಿಯಲ್ಲಿ ಯುದ್ಧದ ಸುದ್ದಿ ಬಂದರೆ ಜೊತೆಯವರು ಚಾನೆಲ್ ಬದಲಿಸಲು ಹೊರಡುತ್ತಾರೆ.

“ಬೇಡ, ಇರಲಿ,” ಎನ್ನುತ್ತಾಳೆ ನೀಲಾವತಿ. ಗಾಯಗೊಂಡ ಮಕ್ಕಳನ್ನು ಎತ್ತಿಕೊಂಡು ಓಡುವ ನರ್ಸುಗಳ ಮುಖಗಳನ್ನು ಒಂದೊಂದಾಗಿ ನೋಡುತ್ತಾಳೆ. ಅದು ಯೆಮನ್ ಅಲ್ಲ, ಬೇರೆ ದೇಶ ಎಂದು ಅವಳಿಗೂ ಗೊತ್ತು.