ಶಾಂತವ್ವತ್ತೆಗೆ ಖಣ ಕೊಟ್ಟ ಸೂತ್ರ

ಒಬ್ಬೊಬ್ಬರಿಗೆ ಒಂದೊಂದು ಚಟ. ಕೆಲವರಿಗೆ ಇಸ್ಪೀಟು, ಕೆಲವರಿಗೆ ತಂಬಾಕು. ನನಗೆ ಕಂಪ್ಯೂಟರಿನ ಶೀಟಿನಲ್ಲಿ ‘ಹೀಗಿದ್ದರೆ ಹೀಗೆ, ಇಲ್ಲದಿದ್ದರೆ ಹಾಗೆ’ ಎಂದು ಸೂತ್ರ ಬರೆಯುವ ಚಟ. ಹಾನಗಲ್ಲಿನ ನಮ್ಮ ಕಚೇರಿಯಲ್ಲಿ ಹೊಸದಾಗಿ ಕಂಪ್ಯೂಟರ್ ಬಂದಾಗ ಉಳಿದವರೆಲ್ಲ ಅದರ ಮೇಲೆ ಧೂಳು ಕೂರದಂತೆ ವಸ್ತ್ರ ಹೊದಿಸಿದರು. ನಾನೊಬ್ಬ ಧೈರ್ಯ ಮಾಡಿ ವಸ್ತ್ರ ತೆಗೆದೆ. ಅಂದಿನಿಂದ ನಾನೇ ಕಚೇರಿಯ ಪಂಡಿತ. ಹಾಳೂರಿಗೆ ಉಳಿದವನೇ ಗೌಡ ಅನ್ನುತ್ತಾರಲ್ಲ, ಆ ಲೆಕ್ಕದ ಪಾಂಡಿತ್ಯ.

ಈ ಸೂತ್ರದ ರುಚಿ ಹತ್ತಿದವರಿಗೇ ಗೊತ್ತು. ಮೊದಲು ಒಂದು ‘ಇದ್ದರೆ’ ಬರೆಯುತ್ತೀರಿ. ಅದರ ‘ಇಲ್ಲದಿದ್ದರೆ’ಯ ಹೊಟ್ಟೆಯೊಳಗೆ ಇನ್ನೊಂದು ‘ಇದ್ದರೆ’ ಇಡುತ್ತೀರಿ. ಅದರೊಳಗೆ ಮತ್ತೊಂದು. ಕೊನೆಗೆ ಬ್ರಾಕೆಟ್ಟುಗಳನ್ನು ಮುಚ್ಚುವ ಹೊತ್ತಿಗೆ ಎಷ್ಟು ತೆರೆದಿದ್ದೆವು ಎಂಬುದೇ ಮರೆತಿರುತ್ತದೆ. ನಾನಂತೂ ಬೆರಳು ಮಡಚಿ ಎಣಿಸುತ್ತಿದ್ದೆ. ಸೂತ್ರ ಪರದೆಯ ಈ ತುದಿಯಿಂದ ಆ ತುದಿಗೆ ಹೋದಷ್ಟೂ ನನ್ನ ಎದೆ ಉಬ್ಬುತ್ತಿತ್ತು.

ಇಷ್ಟರಲ್ಲೇ ಇದ್ದಿದ್ದರೆ ಚಟ ಕಚೇರಿಯಲ್ಲೇ ಉಳಿಯುತ್ತಿತ್ತು. ಮಗಳ ಮದುವೆ ಗೊತ್ತಾಯಿತು.

ನಮ್ಮ ಕಡೆ ಮದುವೆಯಲ್ಲಿ ಊಟಕ್ಕಿಂತ ದೊಡ್ಡ ತಲೆನೋವು ಆಯೇರಿಯದು. ಬಂದ ಬಂಧುಗಳಿಗೆ ಅವರವರ ಮಾನಕ್ಕೆ ತಕ್ಕಂತೆ ಬಟ್ಟೆ ಕೊಡುವ ಪದ್ಧತಿ. ಸೋದರಮಾವನಿಗೆ ಧೋತರ ಮತ್ತು ತಲೆಗೆ ಸುತ್ತುವ ಪಟಗ, ಮನೆಯ ಹೆಣ್ಣುಮಕ್ಕಳಿಗೆ ಸೀರೆ, ದೂರದವರಿಗೆ ಕುಬಸ, ಅಂದರೆ ರವಿಕೆ, ಹೊಲಿಸಲು ಒಂದು ಖಣ, ಬರೀ ಗುರುತಿನ ಗಂಡಸರಿಗೆ ಟಾವೆಲ್ಲು, ಟೊಪ್ಪಿಗೆ. ಊಟದಲ್ಲಿ ಉಪ್ಪು ಹೆಚ್ಚಾದರೆ ಜನ ಸಂಜೆಗೆ ಮರೆಯುತ್ತಾರೆ. ಸೀರೆ ಸಿಗಬೇಕಾದವರಿಗೆ ಖಣ ಸಿಕ್ಕಿದರೆ ಮೊಮ್ಮಕ್ಕಳ ಕಾಲಕ್ಕೂ ಮರೆಯುವುದಿಲ್ಲ.

ಇದನ್ನು ನಾನು ಬಲ್ಲೆ. ನನ್ನ ಮದುವೆಯಲ್ಲಿ ಅಪ್ಪ ಗಡಿಬಿಡಿಯಲ್ಲಿ ತನ್ನ ಒಬ್ಬಳೇ ತಂಗಿ ಶಾಂತವ್ವನಿಗೆ ಉಡಿ ತುಂಬಿಸುವುದನ್ನು ಮರೆತಿದ್ದ. ಆ ಅತ್ತೆ ಅಂದು ತಿಳವಳ್ಳಿಯ ಬಸ್ಸು ಹತ್ತಿದವಳು ಮತ್ತೆ ತವರಿನ ಹೊಸ್ತಿಲು ತುಳಿಯಲಿಲ್ಲ. ಅಪ್ಪ ತೀರಿಕೊಂಡಾಗ ಬಂದಳು, ಮಣ್ಣು ಕೊಟ್ಟಳು, ಅಲ್ಲಿಂದಲೇ ಹೊರಳಿ ಹೋದಳು. ಅವ್ವನಿಗೆ ಅದೊಂದು ಕೊರಗು. ನಾದಿನಿ ಒಮ್ಮೆಯಾದರೂ ಮನೆಗೆ ಬಂದು ತನ್ನ ಕೈಯ ಊಟ ಉಣ್ಣಬೇಕು ಎಂದು ವರ್ಷಗಟ್ಟಲೆ ಕಾದಿದ್ದಳು. ಈಗ ಮಗಳಿಗೆ ತಿಳವಳ್ಳಿಯ ವರ ಗೊತ್ತಾಗಿದ್ದ, ಅದೂ ಅತ್ತೆಯ ಗಂಡನ ಮನೆತನದವನೇ. ಆ ನೆಪದಲ್ಲಿ ಅತ್ತೆ ಫೋನಿನಲ್ಲಿ, “ಬರ್ತೇನಿ” ಎಂದಿದ್ದಳು. ಆ ಒಂದು ಮಾತು ಕೇಳಿ ಅವ್ವ ಎರಡು ದಿನ ಎಲ್ಲರ ಮೇಲೂ ಸುಮ್ಮಸುಮ್ಮನೆ ರೇಗಾಡಿದಳು. ಅವಳಿಗೆ ಸಂತೋಷವಾದರೆ ಹಾಗೆಯೇ.

ಅವ್ವ ಹೆಸರು ಹೇಳುತ್ತ ಹೋದಳು, ನಾನು ಶೀಟಿನಲ್ಲಿ ಇಳಿಸುತ್ತ ಹೋದೆ. ಹೆಸರು, ಊರು, ಸಂಬಂಧ. ನಾನೂರು ಸಾಲಾಯಿತು. ಇನ್ನು ಯಾರಿಗೆ ಏನು ಎಂದು ಒಬ್ಬೊಬ್ಬರದಾಗಿ ಹೇಳತೊಡಗಿದಾಗ ನಾನು ಕೈ ಅಡ್ಡ ಹಿಡಿದೆ.

“ಅದನ್ನ ಸೂತ್ರ ಹೇಳ್ತೈತಿ ಬಿಡವ್ವಾ.”

“ಸೂತ್ರಕ್ಕ ನಮ್ಮ ಬೀಗ್ರು ಬಿಜ್ಜರೆಲ್ಲ ಗುರ್ತ ಅದಾರೇನು?” ಎಂದಳು ಅವ್ವ.

ನಾನು ನಕ್ಕೆ. ಆ ನಗು ಈಗ ನೆನಪಾದರೆ ಮುಖ ಎಲ್ಲಿಡಲಿ ಎನಿಸುತ್ತದೆ. ಊರು ತಿಳವಳ್ಳಿಯಾದರೆ ಬೀಗರ ಕಡೆಯವರು, ಹೆಂಗಸರಾದರೆ ಖಣ. ಇಲ್ಲದಿದ್ದರೆ, ಊರು ಶಿಗ್ಗಾವಿಯಾದರೆ ನನ್ನ ಹೆಂಡತಿಯ ತವರು, ಸೀರೆ. ಇಲ್ಲದಿದ್ದರೆ, ಅತ್ತೆಯಾದರೆ ಸೀರೆ. ಹೀಗೆ ಹನ್ನೊಂದು ‘ಇಲ್ಲದಿದ್ದರೆ’. ಎಂಟರ್ ಒತ್ತಿದ ಕೂಡಲೇ ನಾನೂರು ಜನರಿಗೂ ಬಟ್ಟೆ ಹಂಚಿಹೋಯಿತು. ಅದರಂತೆ ಚೀಟಿ ಅಚ್ಚು ಮಾಡಿಸಿ ಗಂಟುಗಳಿಗೆ ಅಂಟಿಸಿದೆವು.

ಇಲ್ಲಿ ಸ್ವಲ್ಪ ಅಡ್ಡಹಾದಿ ಹಿಡಿಯುತ್ತೇನೆ. ಹಿಂದೊಮ್ಮೆ ಹಿರೇಕೆರೂರಿಗೆ ಹೋದವನು ಅಬಲೂರಿನ ಗುಡಿಗೂ ಹೋಗಿ ಶಾಸನಗಳ ಮುಂದೆ ನಿಂತಿದ್ದೆ. ಓದಲು ಬರುವುದಿಲ್ಲ, ಆದರೂ ಓದುವವನ ಹಾಗೆ ಕನ್ನಡಕ ಏರಿಸಿದ್ದೆ. ಬಲ್ಲವರೊಬ್ಬರು ಪಕ್ಕದಲ್ಲಿದ್ದು, ಹಳೆಯ ದಾನಶಾಸನಗಳು ಸಾಮಾನ್ಯವಾಗಿ ಹೇಗೆ ಮುಗಿಯುತ್ತವೆ ಎಂದು ತಿಳಿಸಿದರು. ಈ ದತ್ತಿಯನ್ನು ಕಾಯ್ದವನಿಗೆ ಕಾಶಿಯಲ್ಲಿ ಗೋದಾನ ಮಾಡಿದ ಪುಣ್ಯ, ಕೆಡಿಸಿದವನಿಗೆ ಅಲ್ಲಿಯೇ ಗೋವು ಕೊಂದ ಪಾಪ. ಎರಡೇ ಷರತ್ತು, ಮುಗಿಯಿತು. ಉಳಿಯಿಂದ ಕಲ್ಲು ಕೊರೆಯುವವನಿಗೆ ಪ್ರತಿ ‘ಇಲ್ಲದಿದ್ದರೆ’ಗೂ ಅಂಗೈಯಲ್ಲಿ ಬೊಕ್ಕೆ ಬರುತ್ತದೆ, ಆದ್ದರಿಂದ ಯೋಚಿಸಿ ಬರೆಯುತ್ತಾನೆ. ನಮ್ಮದು ಕೀಲಿಮಣೆ. ಬೊಕ್ಕೆ ಬೇರೆಯವರಿಗೆ ಬರುತ್ತದೆ.

ಅಕ್ಷತೆ ಬಿದ್ದ ಮೇಲೆ ಆಯೇರಿ ಶುರುವಾಯಿತು. ಹೆಸರು ಕೂಗಿದವನೂ ನಾನೇ. “ತಿಳವಳ್ಳಿ ಶಾಂತವ್ವ” ಎಂದೆ. ಅತ್ತೆ ಸೆರಗು ಹೊದ್ದುಕೊಂಡು ಬಂದಳು, ಗಂಟು ತೆಗೆದುಕೊಂಡಳು, ಹಗುರವಾಗಿದ್ದುದಕ್ಕೋ ಏನೋ ಅಲ್ಲಿಯೇ ಬಿಚ್ಚಿದಳು. ಒಳಗೆ ಹಸಿರು ಖಣ.

ನನಗೆ ಆ ಕ್ಷಣದಲ್ಲೇ ತಪ್ಪು ಹೊಳೆಯಿತು. ಇಂಥ ಸೂತ್ರ ಮೇಲಿನಿಂದ ಕೆಳಗೆ ನೋಡುತ್ತ ಬರುತ್ತದೆ, ಮೊದಲು ಯಾವುದು ನಿಜವಾಯಿತೋ ಅಲ್ಲಿಗೆ ನಿಂತುಬಿಡುತ್ತದೆ. ಊರು ತಿಳವಳ್ಳಿ ಎಂದು ಗೊತ್ತಾದ ಮೇಲೆ ಆಕೆ ಯಾರ ಮಗಳು ಎಂದು ಅದು ಕೇಳಲೇ ಇಲ್ಲ. ಮನೆಮಗಳನ್ನು ನಾನು ಬೀಗರ ಗುಂಪಿನಲ್ಲಿ ಕೂಡಿಸಿದ್ದೆ. ಅಪ್ಪ ಮರೆತು ಮಾಡಿದ್ದನ್ನು ನಾನು ಲೆಕ್ಕ ಹಾಕಿ ಮಾಡಿದ್ದೆ.

ಅತ್ತೆ ಖಣವನ್ನು ಮೊದಲಿದ್ದ ಹಾಗೆಯೇ ಮಡಚಿದಳು. ಅಷ್ಟರಲ್ಲಿ ಅವ್ವ ಹೆಂಗಸರ ನಡುವಿನಿಂದ ಎದ್ದು ಬಂದಳು. ಅವಳ ಕೈಯಲ್ಲಿ ಅವಳದೇ ಗಂಟು, ಅದರಲ್ಲಿ ನಾನು ಅವಳಿಗೆಂದು ಆರಿಸಿ ತಂದ ಇಳಕಲ್ ಸೀರೆ.

“ಅದಲಬದಲ ಆಗೈತಿ ನೋಡವಾ ಶಾಂತವ್ವಾ. ಇದು ನಿಂದು, ಅದು ನಂದು” ಎಂದು ಸೀರೆ ಕೊಟ್ಟು ಖಣ ಕಿತ್ತುಕೊಂಡಳು.

ಅತ್ತೆಗೆ ತಿಳಿಯದೇ ಇರುತ್ತದೆಯೇ? ಗಂಟಿನ ಮೇಲಿನ ಚೀಟಿಯಲ್ಲಿ ಅವ್ವನ ಹೆಸರು ದಪ್ಪಕ್ಷರದಲ್ಲಿತ್ತು. ಅದನ್ನು ನೋಡಿದಳು, ಅವ್ವನನ್ನು ನೋಡಿದಳು, ಆಮೇಲೆ ನನ್ನತ್ತ ತಿರುಗಿದಳು.

“ನಿಮ್ಮಪ್ಪನೂ ಹಿಂಗ ಇದ್ದ. ಆದ್ರ ಅವನು ಮರ್ಯಾಕ ಇಷ್ಟು ಓದಿರ್ಲಿಲ್ಲ ಬಿಡು.”

ಮಂಟಪವೆಲ್ಲ ನಕ್ಕಿತು. ಅಂದು ಸಂಜೆ ಅತ್ತೆ ತಿಳವಳ್ಳಿಯ ಬಸ್ಸು ಹತ್ತಲಿಲ್ಲ. ನಮ್ಮ ಅಡುಗೆಮನೆಯಲ್ಲಿ ಕೂತು, ಅವ್ವ ಬಡಿಸಿದ್ದನ್ನೆಲ್ಲ ಉಂಡು, ಸಾರಿಗೆ ಹುಳಿ ಸಾಲದು ಎಂದಳು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಒಲೆಯ ಹೊಗೆ ಎಂದಳು. ಒಲೆ ಗ್ಯಾಸಿನದು.

ಈ ಕಥೆಯನ್ನು ಕಚೇರಿಯಲ್ಲಿ ಹೇಳಿದಾಗ ಸವಣೂರಿನಿಂದ ಬರುವ ಹೊಸ ಸಹೋದ್ಯೋಗಿ ಜುಬೇದಾ ತನ್ನೂರಿನ ಕುರುಕಲು ಖಾರದ ಪೊಟ್ಟಣ ನನ್ನತ್ತ ಸರಿಸಿ ಸೂತ್ರ ತೋರಿಸಿರಿ ಎಂದಳು. ತೋರಿಸಿದೆ. ಬಹಳ ಹೊತ್ತು ನೋಡಿದಳು.

“ಇಷ್ಟೆಲ್ಲಾ ಯಾಕ್ರಿ ಸರ್? ಬಾಜೂಕ ಒಂದು ಸಣ್ಣ ಪಟ್ಟಿ ಮಾಡ್ರಿ. ಈ ಕಡೆ ಹೆಸರು, ಆ ಕಡೆ ಏನ್ ಕೊಡೂದು ಅಂತ. ಹುಡುಕಿ ತಾ ಅಂತ ಒಂದ ಮಾತು ಹೇಳಿದ್ರ ಸಾಕ್ರಿ. ತಪ್ಪಾದ್ರ ಪಟ್ಟಿ ತಿದ್ದೂದು, ಸೂತ್ರ ಮುಟ್ಟಬ್ಯಾಡ್ರಿ.”

ಎರಡು ಕಂಬಸಾಲು, ಒಂದು ಸಣ್ಣ ಸೂತ್ರ. ನನ್ನ ಹನ್ನೊಂದು ಬ್ರಾಕೆಟ್ಟುಗಳ ವೈಭವ ಎರಡು ನಿಮಿಷದಲ್ಲಿ ಮಣ್ಣುಪಾಲು. ಅವ್ವ ಅಂದು ಬಾಯಲ್ಲಿ ಹೇಳಹೊರಟಿದ್ದೂ ಇದನ್ನೇ, ಈ ಹೆಸರಿಗೆ ಇದು, ಆ ಹೆಸರಿಗೆ ಅದು ಎಂದು. ನಾನೇ ಕೈ ಅಡ್ಡ ಹಿಡಿದಿದ್ದೆ.

ಜುಬೇದಾ ಕೊನೆಗೊಂದು ಪ್ರಶ್ನೆ ಉಳಿಸಿದಳು. “ಪಟ್ಟಿಯೊಳಗ ಹೆಸರ ಸಿಗ್ಲಿಲ್ಲಂದ್ರ ಏನ್ ತೋರಿಸ್ಲಿರಿ?” ನನಗೆ ಅನುಮಾನವಿರಲಿಲ್ಲ. ಗುರುತಿಲ್ಲದವರಿಗೆ ಟಾವೆಲ್ಲು, ಹೆಚ್ಚೆಂದರೆ ಖಣ. ಆದರೂ ಒಮ್ಮೆ ಪೆಟ್ಟು ತಿಂದವನು, ಮನೆಗೆ ಹೋಗಿ ಅವ್ವನನ್ನು ಕೇಳಿದೆ.

“ಸೀರಿ” ಎಂದಳು ಅವ್ವ, ತಲೆಯನ್ನೂ ಎತ್ತದೆ.

“ಗುರ್ತ ಇಲ್ಲದವರಿಗೆ ಸೀರಿ ಏನವ್ವಾ?”

“ಗುರ್ತ ಇದ್ದವರು ಖಣ ಕೊಟ್ರೂ ನಮ್ಮವರು ಅಂತ ಸೈಸ್ಕೋತಾರ. ಪಟ್ಟಿಯೊಳಗ ಇಲ್ಲದಾಕಿ ಬಂದಾಳಂದ್ರ ಪ್ರೀತಿ ಇಟ್ಟು ಬಂದಿರ್ತಾಳ. ಆಕೀನ ಸಣ್ಣದು ಕೊಟ್ಟು ಕಳಸ್ತೀಯೇನು?”

ಈ ವರ್ಷ ಮಗನ ಮದುವೆ. ಹೊಸ ಪಟ್ಟಿ ಸಿದ್ಧವಾಗಿದೆ, ಸಿಗದ ಹೆಸರಿಗೆಲ್ಲ ಸೀರೆ. ಈ ಸುದ್ದಿ ಅವ್ವನ ಬಾಯಿಂದ ತಿಳವಳ್ಳಿಗೂ ಮುಟ್ಟಿತು. ನಿನ್ನೆ ಅತ್ತೆ ಫೋನು ಮಾಡಿದ್ದಳು.

“ನನ್ನ ಹೆಸರು ಪಟ್ಟಿಯಿಂದ ತಗದ ಬಿಡೋ. ನಿನ್ನ ಲೆಕ್ಕದಾಗ ಇರೂದಕ್ಕಿಂತ ನಿಮ್ಮವ್ವನ ಲೆಕ್ಕದಾಗ ಇರೂದ ಚೊಲೋ.”

ಹಿರಿಯರ ಮಾತು ಮೀರಬಾರದು. ಅಳಿಸಿದೆ. ಸೂತ್ರ ಮೇಲಿನಿಂದ ಕೆಳಗಿನವರೆಗೆ ಶಾಂತವ್ವತ್ತೆಯನ್ನು ಹುಡುಕಿತು, ಎಲ್ಲಿಯೂ ಸಿಗಲಿಲ್ಲ, ಸೀರೆ ಎಂದಿತು.